ಬೆಳ್ಳಿಯ ಟ್ಯಾಂಕರ್ಡ್: ಪಾನಪಾತ್ರೆಯೊಂದರ ಮೇಲಿನ ನಾಲ್ಕು ಮುದ್ರೆಗಳು

ಇಂಗ್ಲೆಂಡಿನ ಪುರಾತನ ಬೆಳ್ಳಿ ಸಾಮಾನುಗಳ ವ್ಯಾಪಾರದಲ್ಲಿ ಟ್ಯಾಂಕರ್ಡ್ ಎಂಬ ಪಾನಪಾತ್ರೆಗೆ ವಿಶೇಷವಾದ ಸ್ಥಾನವಿದೆ. ಬುಡದಿಂದ ಮೇಲಕ್ಕೆ ಹೋದಂತೆ ತುಸು ಕಿರಿದಾಗುವ ನೇರ ಒಡಲು, ಒಂದು ಬದಿಗೆ ಕೈತುಂಬ ಹಿಡಿಯುವಂಥ ದಪ್ಪ ಹಿಡಿಕೆ, ಹಿಡಿಕೆಯ ನೆತ್ತಿಗೆ ಕೀಲಿನಿಂದ ಕೂಡಿಸಿದ ಮುಚ್ಚಳ, ಹೆಬ್ಬೆರಳಿನಿಂದ ಒತ್ತಿದೊಡನೆ ಮುಚ್ಚಳವನ್ನು ಎತ್ತುವ ಪುಟ್ಟ ಸನ್ನೆ: ಇಷ್ಟು ಅದರ ರೂಪ. ಅದರಲ್ಲಿ ಕುಡಿಯುತ್ತಿದ್ದುದು ಬಿಯರ್. ಮುಚ್ಚಳವಿಲ್ಲದಿದ್ದರೆ ಅದನ್ನು ಮಗ್ ಎನ್ನುತ್ತಾರೆ. ಮುಚ್ಚಳವಿದ್ದರೆ ಮಾತ್ರ ಟ್ಯಾಂಕರ್ಡ್. ಹದಿನಾರನೆಯ ಶತಮಾನದ ಮಧ್ಯಭಾಗದಿಂದ ಹದಿನೆಂಟನೆಯ ಶತಮಾನದ ಕೊನೆಯವರೆಗೆ ಸ್ಥಿತಿವಂತರ ಮನೆಗಳಲ್ಲಿ ಇದು ಬಳಕೆಯಲ್ಲಿತ್ತು.

ಇಂಥ ಪಾತ್ರೆಯ ಬೆಲೆಯನ್ನು ನಿರ್ಣಯಿಸುವವು ಕಡಲೆಕಾಳಿಗಿಂತ ದೊಡ್ಡವಲ್ಲದ ನಾಲ್ಕು ಮುದ್ರೆಗಳು. 1680ರ ಸುಮಾರಿನ, ಒಂದೇ ತೂಕದ ಎರಡು ಟ್ಯಾಂಕರ್ಡ್‌ಗಳು ಒಂದೇ ಮೇಜಿನ ಮೇಲೆ ಇವೆಯೆಂದು ಭಾವಿಸಬಹುದು. ಒಂದರ ಮುದ್ರೆಗಳು ಹುಟ್ಟಿದಂದಿನಿಂದ ಅದೇ ತಗಡಿನ ಮೇಲಿವೆ. ಅದಕ್ಕೆ ಸಂಗ್ರಾಹಕರು ಬೆಳ್ಳಿಯ ಬೆಲೆಯ ಅನೇಕ ಪಟ್ಟು ಹಣ ತೆರುತ್ತಾರೆ. ಇನ್ನೊಂದರ ಮುದ್ರೆಗಳು ಬೇರೊಂದು ಪಾತ್ರೆಯಿಂದ ಕತ್ತರಿಸಿ ತಂದು ಬೆಸೆದವೆಂದು ಸಿದ್ಧವಾದರೆ, ಬ್ರಿಟನ್ನಿನ ಕಾನೂನಿನ ಪ್ರಕಾರ ಅದನ್ನು ಇದ್ದಂತೆ ಮಾರುವ ಹಾಗೂ ಇಲ್ಲ. ಕೊಂಡವನ ಹಣ ಅಲ್ಲಿಗೆ ಕರಗಿತು. ಒಂದು ಮುದ್ರೆಗೆ ಇಷ್ಟೊಂದು ಬಲ ಹೇಗೆ ಬಂದಿತು, ಅದನ್ನು ವಂಚಿಸಲು ಯಾರು ಏನೇನು ಮಾಡಿದರು ಎಂಬುದು ವರ್ತಕರೂ ಸಣ್ಣ ಉದ್ದಿಮೆದಾರರೂ ತಿಳಿಯತಕ್ಕ ವಿಷಯ.

ಮೊದಲು ಪಾತ್ರೆಯ ಬಗೆಗೆ ಪ್ರಚಲಿತವಾಗಿರುವ ಒಂದು ಕಥೆಯನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಟ್ಯಾಂಕರ್ಡಿನ ಹಿಡಿಕೆಯ ಕೆಳತುದಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಪಾತ್ರೆ ಬರಿದಾದಾಗ ಕುಡಿಯುವಾತ ಅದನ್ನು ಸಿಳ್ಳಿನಂತೆ ಊದಿ ಪರಿಚಾರಕನನ್ನು ಕರೆಯುತ್ತಿದ್ದನೆಂದು ಮಾರುವವರು ಹೇಳುವುದುಂಟು. ಕೇಳಲು ಸೊಗಸಾದ ಮಾತು. ಆದರೆ ನಿಜ ಬೇರೆ. ಹಿಡಿಕೆ ಒಳಗೆ ಟೊಳ್ಳು. ಎರಡು ಭಾಗಗಳನ್ನು ಕೂಡಿಸಿ ಬೆಸುಗೆ ಹಾಕುವಾಗ ಒಳಗಿನ ಗಾಳಿ ಕಾಯ್ದು ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಬೆಸುಗೆ ಒಡೆಯುತ್ತದೆ. ಆ ದಾರಿಯೇ ಈ ರಂಧ್ರ. ಟೊಳ್ಳು ಸಾಮಾನು ಮಾಡುವ ಯಾವ ಅಕ್ಕಸಾಲಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾರ್ಕ್, ಹಲ್ ಮೊದಲಾದ ಉತ್ತರದ ಪಟ್ಟಣಗಳಲ್ಲಿ ಮಾತ್ರ ಇನ್ನೊಂದು ಬಗೆಯ ಟ್ಯಾಂಕರ್ಡ್ ತಯಾರಾಗುತ್ತಿತ್ತು. ಸ್ಕ್ಯಾಂಡಿನೇವಿಯದ ಮಾದರಿಯನ್ನು ಅನುಸರಿಸಿದ ಇವುಗಳ ಒಳಮೈಯಲ್ಲಿ, ಮೇಲಿನಿಂದ ಕೆಳಕ್ಕೆ ಸಮನಾದ ಅಂತರದಲ್ಲಿ ಬೆಳ್ಳಿಯ ಗೂಟಗಳಿರುತ್ತವೆ. ಒಂದೇ ಪಾತ್ರೆ ಕೈಯಿಂದ ಕೈಗೆ ಸಾಗುವಾಗ ಪ್ರತಿಯೊಬ್ಬನೂ ಒಂದು ಗೂಟದಿಂದ ಮುಂದಿನ ಗೂಟದವರೆಗೆ ಕುಡಿಯಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ತಿಜೋರಿಯ ಬದಲು ಪಾತ್ರೆ

ಬಿಯರ್ ಕುಡಿಯಲು ಮಣ್ಣಿನ, ತವರದ, ಚರ್ಮದ ಪಾತ್ರೆಗಳು ಧಾರಾಳವಾಗಿ ದೊರೆಯುತ್ತಿದ್ದಾಗ ಬೆಳ್ಳಿಯೇ ಏಕೆ ಬೇಕಾಯಿತು? ಉತ್ತರ ನಮ್ಮ ಹಿರಿಯರ ಬೆಳ್ಳಿ ತಟ್ಟೆ, ಲೋಟ, ಪಂಚಪಾತ್ರೆಗಳಲ್ಲಿಯೇ ಇದೆ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಕೂಡಿಟ್ಟ ಹಣ ಮೇಜಿನ ಮೇಲೆ ಪಾತ್ರೆಯ ರೂಪದಲ್ಲಿ ಇರುತ್ತಿತ್ತು. ನಾಲ್ಕು ಜನ ಕಂಡರೆ ಪ್ರತಿಷ್ಠೆ, ಕಷ್ಟ ಬಂದರೆ ಕರಗಿಸಿ ನಾಣ್ಯ.

ಇಂಗ್ಲೆಂಡಿನ ನಾಣ್ಯಕ್ಕೂ ಪಾತ್ರೆಗೂ ಆಗ ಒಂದೇ ಶುದ್ಧತೆ. ಹನ್ನೆರಡು ಔನ್ಸಿನ ಒಂದು ಟ್ರಾಯ್ ಪೌಂಡಿನಲ್ಲಿ 11 ಔನ್ಸು 2 ಪೆನ್ನಿವೇಟ್ ಅಪ್ಪಟ ಬೆಳ್ಳಿ, ಉಳಿದ 18 ಪೆನ್ನಿವೇಟ್ ಬಹುಮಟ್ಟಿಗೆ ತಾಮ್ರ. ಸಾವಿರಕ್ಕೆ 925 ಭಾಗ. ಇದೇ ಸ್ಟರ್ಲಿಂಗ್. ಒಂದು ಪೌಂಡ್ ಬೆಳ್ಳಿಯಿಂದ 62 ಷಿಲಿಂಗುಗಳನ್ನು ಟಂಕಿಸುತ್ತಿದ್ದರು; ಎಂದರೆ ಔನ್ಸಿಗೆ 5 ಷಿಲಿಂಗ್ 2 ಪೆನ್ಸ್. ಒಳ್ಳೆಯ ಅಳತೆಯ ಒಂದು ಟ್ಯಾಂಕರ್ಡ್ 30 ಔನ್ಸು ತೂಗಿದರೆ, ಅದರೊಳಗೆ 7 ಪೌಂಡ್ 15 ಷಿಲಿಂಗ್ ನಾಣ್ಯ ಅಡಗಿದೆಯೆಂದು ಮನೆಯ ಯಜಮಾನ ಕುಳಿತಲ್ಲಿಯೇ ಲೆಕ್ಕ ಹಾಕಬಲ್ಲವನಾಗಿದ್ದ. ಪಾತ್ರೆಯ ಮಾರಾಟವೂ ಹಾಗೆಯೇ ನಡೆಯುತ್ತಿತ್ತು: ಬೆಳ್ಳಿಗೆ ಔನ್ಸಿನ ಲೆಕ್ಕದಲ್ಲಿ ಇಷ್ಟು, ಮಜೂರಿಗೆ ಔನ್ಸಿಗೆ ಇಷ್ಟು. ಅವೆನ್ಯೂ ರಸ್ತೆಯ ಚಿನಿವಾರ ಅಂಗಡಿಯ ರಸೀತಿಯನ್ನು ನೋಡಿದವರಿಗೆ ಇದು ಹೊಸತಾಗಿ ಕಾಣದು. ಇನ್ನೊಂದು ಸ್ವಾರಸ್ಯವೆಂದರೆ, 30 ಟ್ರಾಯ್ ಔನ್ಸು ಎಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ 80 ತೊಲ. ಬ್ರಿಟಿಷ್ ಭಾರತದಲ್ಲಿ 180 ಗ್ರೇನಿನ ತೊಲವನ್ನು ಟ್ರಾಯ್ ತೂಕಕ್ಕೆ ಹೊಂದಿಸಿಯೇ ಗೊತ್ತುಪಡಿಸಿದ್ದರಿಂದ, ಆ ಟ್ಯಾಂಕರ್ಡನ್ನು ಎಂಬತ್ತು ತೊಲದ ಸೇರಿನ ಕಲ್ಲಿನಿಂದ ತೂಗಿದರೂ ತಕ್ಕಡಿ ಸಮನಾಗಿಯೇ ನಿಲ್ಲುತ್ತದೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು 933 ಗ್ರಾಂ.

ಪಾತ್ರೆಯೇ ಹಣವಾದುದರಿಂದ ಪಾತ್ರೆಗೆ ಆಪತ್ತೂ ಇತ್ತು. 1640ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಲಂಡನ್ ಟವರಿನ ಟಂಕಸಾಲೆಯಲ್ಲಿ ವರ್ತಕರು ಇರಿಸಿದ್ದ ಗಟ್ಟಿಗಳನ್ನು ತಡೆಹಿಡಿದು, ಅವರಿಂದ ಸಾಲ ಪಡೆದ ಮೇಲೆಯೇ ಬಿಟ್ಟುಕೊಟ್ಟ. ಎರಡು ವರ್ಷಗಳಲ್ಲಿ ಅಂತರ್ಯುದ್ಧ ಮೊದಲಾಯಿತು. ಸೈನಿಕರ ಸಂಬಳಕ್ಕಾಗಿ ದೊರೆಯ ಕಡೆಯವರೂ ಪಾರ್ಲಿಮೆಂಟಿನ ಕಡೆಯವರೂ ಮನೆಮನೆಯ ಬೆಳ್ಳಿಯನ್ನು ಕರಗಿಸಿದರು. ಆಕ್ಸ್‌ಫರ್ಡಿನ ಕಾಲೇಜುಗಳು ತಲೆಮಾರುಗಳಿಂದ ಕೂಡಿಟ್ಟ ಪಾತ್ರೆಗಳು ಅಲ್ಲಿಯೇ ಸ್ಥಾಪಿತವಾದ ಟಂಕಸಾಲೆಗೆ ಹೋಗಿ ನಾಣ್ಯಗಳಾದವು. 1660ಕ್ಕಿಂತ ಹಿಂದಿನ ಇಂಗ್ಲಿಷ್ ಬೆಳ್ಳಿ ಇಂದು ಅಪರೂಪವಾಗಿರಲು ಇದು ಮುಖ್ಯ ಕಾರಣ. ಆ ವರ್ಷ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದ ನಂತರ ಮನೆಗಳವರು ಮತ್ತೆ ಬೆಳ್ಳಿ ಮಾಡಿಸತೊಡಗಿದರು. ಇಂದು ಹರಾಜಿಗೆ ಬರುವ ದೊಡ್ಡ ಟ್ಯಾಂಕರ್ಡ್‌ಗಳಲ್ಲಿ ಹಲವು ಆ ಕಾಲದವು ಮತ್ತು ಅನಂತರದವು.

ಮುದ್ರೆಗಳು ಹುಟ್ಟಿದ ಬಗೆ

ಬೆಳ್ಳಿಯಲ್ಲಿ ತಾಮ್ರವನ್ನು ಸ್ವಲ್ಪ ಹೆಚ್ಚು ಬೆರೆಸಿದರೆ ಕಣ್ಣಿಗೆ ತಿಳಿಯುವುದಿಲ್ಲ. ಕೊಳ್ಳುವವನಿಗೆ ಮೋಸವಾಗಲು ಇದಕ್ಕಿಂತ ಸುಲಭವಾದ ದಾರಿ ಬೇಕಿಲ್ಲ. 1300ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಹೊರಡಿಸಿದ ಶಾಸನದಂತೆ, ಸ್ಟರ್ಲಿಂಗಿಗಿಂತ ಕಡಿಮೆಯ ಬೆಳ್ಳಿಯಲ್ಲಿ ಪಾತ್ರೆ ಮಾಡುವಂತಿರಲಿಲ್ಲ. ಕಸುಬಿನ ಪಾಲಕರು ಪರೀಕ್ಷಿಸಿ ಚಿರತೆಯ ತಲೆಯ ಮುದ್ರೆಯೊತ್ತಿದ ಮೇಲೆಯೇ ಅದು ಕೆಲಸಗಾರನ ಕೈಬಿಡಬೇಕಾಗಿತ್ತು. 1327ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಂಪೆನಿ ಎಂಬ ಅಕ್ಕಸಾಲಿಗರ ಸಂಘಕ್ಕೆ ರಾಜಸನ್ನದು ದೊರೆಯಿತು. 1363ರಲ್ಲಿ ಪ್ರತಿಯೊಬ್ಬ ಕಸುಬುದಾರನೂ ತನ್ನದೇ ಗುರುತನ್ನು ಒತ್ತಬೇಕೆಂದು ವಿಧಿಸಲಾಯಿತು.

ಮೂರನೆಯ ಮುದ್ರೆ ಬಂದುದು 1478ರಲ್ಲಿ. ಆಗಿನಿಂದ ಪಾತ್ರೆಗಳನ್ನು ಸಂಘದ ಸಭಾಭವನವಾದ ಗೋಲ್ಡ್‌ಸ್ಮಿತ್ಸ್ ಹಾಲಿಗೆ ತಂದು ಮುದ್ರೆ ಹಾಕಿಸಬೇಕಾಯಿತು. ಹಾಲ್‌ಮಾರ್ಕ್ ಎಂಬ ಶಬ್ದ ಹುಟ್ಟಿದುದು ಹೀಗೆ. ಇಂದು ಅದನ್ನು ಬಳಸುವ ಎಷ್ಟೋ ಮಂದಿಗೆ ಅದರಲ್ಲಿನ ಹಾಲ್ ಒಂದು ಕಟ್ಟಡವೆಂಬುದು ಗೊತ್ತಿರುವುದಿಲ್ಲ. ಅದೇ ವರ್ಷ ಒಂದು ಅಕ್ಷರದ ಮುದ್ರೆಯೂ ಸೇರಿತು. ವರ್ಷಕ್ಕೊಂದು ಅಕ್ಷರ, ಇಪ್ಪತ್ತು ಅಕ್ಷರಗಳು ಮುಗಿದೊಡನೆ ಲಿಪಿಯ ಶೈಲಿಯನ್ನೂ ಸುತ್ತಲಿನ ಗುರಾಣಿಯ ಆಕಾರವನ್ನೂ ಬದಲಿಸಿ ಮತ್ತೆ ಮೊದಲಿನಿಂದ ಆರಂಭ. ಸಂಗ್ರಾಹಕರು ಇಂದು ಈ ಅಕ್ಷರವನ್ನು ಪಾತ್ರೆಯ ವಯಸ್ಸು ತಿಳಿಯಲು ಓದುತ್ತಾರೆ. ಅದನ್ನು ಜಾರಿಗೆ ತಂದವರ ಉದ್ದೇಶ ಅದಾಗಿರಲಿಲ್ಲ. ಮುದ್ರೆಯೊತ್ತಿದ ಪಾತ್ರೆ ಮುಂದೆ ಕಳಪೆಯೆಂದು ಕಂಡುಬಂದರೆ, ಆ ವರ್ಷ ಪರೀಕ್ಷೆಯ ಹೊಣೆ ಹೊತ್ತಿದ್ದ ಅಧಿಕಾರಿ ಯಾರೆಂಬುದನ್ನು ಅಕ್ಷರ ತೋರಿಸಿಕೊಡಬೇಕಾಗಿತ್ತು. ಕೆಲಸಗಾರನ ಗುರುತು ಕೆಲಸಗಾರನನ್ನು ಹಿಡಿದಂತೆ, ವರ್ಷದ ಅಕ್ಷರ ಪರೀಕ್ಷಕನನ್ನೇ ಹಿಡಿಯುತ್ತಿತ್ತು. ಸಂಘದವರು ತಮ್ಮ ಕೊರಳಿಗೆ ತಾವೇ ಕಟ್ಟಿಕೊಂಡ ಈ ಹಗ್ಗವೇ ಇಡೀ ಪದ್ಧತಿಯ ಅತ್ಯಂತ ಜಾಣ ಅಂಶವೆನ್ನಬಹುದು. 1544ರಲ್ಲಿ ನಡೆಯುವ ಸಿಂಹದ ಮುದ್ರೆ ಸೇರಿ ನಾಲ್ಕಾಯಿತು. ಎಂಟನೆಯ ಹೆನ್ರಿ ತನ್ನ ನಾಣ್ಯಗಳಲ್ಲಿ ತಾಮ್ರವನ್ನು ಹೆಚ್ಚಿಸುತ್ತಿದ್ದ ಕಾಲವದು. ನಾಣ್ಯ ಕೆಟ್ಟರೂ ಪಾತ್ರೆ ಸ್ಟರ್ಲಿಂಗೇ ಎಂದು ಸಾರಲು ಸಿಂಹ ಬಂದಿತೆಂದು ಇತಿಹಾಸಕಾರರು ಊಹಿಸುತ್ತಾರೆ.

ಪರೀಕ್ಷೆಯ ವಿಧಾನವೂ ತಿಳಿಯತಕ್ಕದ್ದು. ಒರೆಗಲ್ಲಿನ ಮೇಲೆ ಗೀಚಿ ಬಣ್ಣ ನೋಡುವುದು ಹಳೆಯ ಕ್ರಮ. ಬೆಳ್ಳಿಯ ಮಟ್ಟಿಗೆ ಅದು ನಿಖರವಲ್ಲ. ಹಾಲಿನಲ್ಲಿ ಪಾತ್ರೆಯ ಒಡಲು, ಮುಚ್ಚಳ, ಹಿಡಿಕೆ ಹೀಗೆ ಬೇರೆ ಬೇರೆ ಭಾಗಗಳಿಂದ ಸ್ವಲ್ಪ ಸ್ವಲ್ಪ ಹೆರೆದು ತೆಗೆಯುತ್ತಿದ್ದರು. ಒಡಲು ಶುದ್ಧವಾಗಿದ್ದು ಹಿಡಿಕೆ ಕಳಪೆಯಾಗಿರುವ ಸಾಧ್ಯತೆ ಇತ್ತಲ್ಲವೆ? ಹೆರೆದ ಚೂರನ್ನು ತೂಗಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಗೆ ಹಾಕಿದರೆ, ಸೀಸವೂ ತಾಮ್ರವೂ ಗಾಳಿಯೊಡನೆ ಕೂಡಿ ಬೂದಿಯ ಬಟ್ಟಲಿನೊಳಗೆ ಇಂಗುತ್ತವೆ. ಅಪ್ಪಟ ಬೆಳ್ಳಿಯ ಮಣಿಯೊಂದು ಮಾತ್ರ ಉಳಿಯುತ್ತದೆ. ಮೊದಲಿನ ತೂಕಕ್ಕೂ ಉಳಿದ ಮಣಿಯ ತೂಕಕ್ಕೂ ಇರುವ ಅಂತರವೇ ಬೆರಕೆ. ಪರೀಕ್ಷೆಯಲ್ಲಿ ಸೋತ ಪಾತ್ರೆಯನ್ನು ಜಜ್ಜಿ ಮುರಿದು ಮಾಡಿದವನಿಗೆ ಹಿಂದಿರುಗಿಸುತ್ತಿದ್ದರು. ಲೋಹ ಅವನದೇ, ಹೋದದ್ದು ದುಡಿಮೆ.

ನಾಣ್ಯ ಕತ್ತರಿಸಿ ಪಾತ್ರೆ

ನಾಣ್ಯಕ್ಕೂ ಪಾತ್ರೆಗೂ ಒಂದೇ ಶುದ್ಧತೆ ಇದ್ದುದರ ದುಷ್ಪರಿಣಾಮ ಹದಿನೇಳನೆಯ ಶತಮಾನದ ಕೊನೆಗೆ ಕಾಣಿಸಿಕೊಂಡಿತು. ಸುತ್ತಿಗೆಯಿಂದ ಬಡಿದು ಮಾಡಿದ ಹಳೆಯ ನಾಣ್ಯಗಳಿಗೆ ಅಂಚಿನ ಗೆರೆಗಳಿರಲಿಲ್ಲ. ಜನ ಅಂಚನ್ನು ಕತ್ತರಿಸಿ, ನಾಣ್ಯವನ್ನು ಪೂರ್ಣ ಬೆಲೆಗೇ ಚಲಾಯಿಸಿ, ಕತ್ತರಿಸಿದ ಚೂರುಗಳನ್ನು ಅಕ್ಕಸಾಲಿಗೆ ಮಾರಿದರು. ಆತ ಶುದ್ಧಿಯ ಖರ್ಚಿಲ್ಲದೆ ನೇರವಾಗಿ ಟ್ಯಾಂಕರ್ಡ್ ಬಡಿಯಬಹುದಾಗಿತ್ತು. 1696ರಲ್ಲಿ ಸರ್ಕಾರ ಹಳೆಯ ನಾಣ್ಯಗಳನ್ನೆಲ್ಲ ಹಿಂದಕ್ಕೆ ಪಡೆದು ಹೊಸದಾಗಿ ಟಂಕಿಸಲು ಹೊರಟಿತು. ಐಸಾಕ್ ನ್ಯೂಟನ್ ಟಂಕಸಾಲೆಯ ಅಧಿಕಾರಿಯಾಗಿ ಬಂದುದು ಆ ವರ್ಷವೇ. ಅದೇ ವರ್ಷದ ಒಂದು ಕಾಯಿದೆ, ಚಮಚಗಳನ್ನುಳಿದು ಬೇರಾವ ಬೆಳ್ಳಿ ಪಾತ್ರೆಯನ್ನೂ ಪಾನಗೃಹಗಳಲ್ಲಿ ಬಳಸಬಾರದೆಂದು ನಿಷೇಧಿಸಿತು.

ಮರುವರ್ಷ ಪಾತ್ರೆಯ ಶುದ್ಧತೆಯನ್ನೇ ಏರಿಸಲಾಯಿತು: ಪೌಂಡಿಗೆ 11 ಔನ್ಸು 10 ಪೆನ್ನಿವೇಟ್, ಎಂದರೆ ಸಾವಿರಕ್ಕೆ 958.3. ಇನ್ನು ನಾಣ್ಯ ಕರಗಿಸಿದರೆ ಪಾತ್ರೆಯಾಗದು. ಅಪ್ಪಟ ಬೆಳ್ಳಿ ಬೆರೆಸಲೇಬೇಕು. ಸಿಂಹ ಮತ್ತು ಚಿರತೆಗಳ ಸ್ಥಾನಕ್ಕೆ ಕುಳಿತ ಬ್ರಿಟಾನಿಯಾ ಸ್ತ್ರೀಮೂರ್ತಿಯೂ ಸಿಂಹದ ಶಿರಸ್ಸೂ ಬಂದವು. ಆದರೆ ಕಾಯಿದೆ ಬರೆದವರು ಲಂಡನ್ನಿನ ಹೊರಗಿನ ಪರೀಕ್ಷಾಲಯಗಳನ್ನು ಮರೆತರು! ಯಾರ್ಕ್, ಎಕ್ಸಿಟರ್, ಚೆಸ್ಟರ್, ನಾರಿಚ್ ಪಟ್ಟಣಗಳ ಕಸುಬುದಾರರು ಕಾನೂನುಬದ್ಧವಾಗಿ ಮುದ್ರೆ ಹಾಕಿಸಿಕೊಳ್ಳುವ ದಾರಿ ಕಾಣದೆ, ಹೊಸ ಶತಮಾನದ ಆರಂಭದಲ್ಲಿ ಬೇರೆ ಕಾಯಿದೆಗಳು ಬರುವವರೆಗೆ ಕಾಯಬೇಕಾಯಿತು. ರಾಜಧಾನಿಯಲ್ಲಿ ಕುಳಿತು ನಿಯಮ ಮಾಡುವವರ ಈ ಮರೆವು ಮುಂದೆಯೂ ಕಂಡುಬರುತ್ತದೆ. ಶುದ್ಧತೆ ಹೆಚ್ಚಿದ ಬೆಳ್ಳಿ ಮೃದು. ದಿನಬಳಕೆಯಲ್ಲಿ ಬೇಗ ಸವೆಯುತ್ತದೆಂಬ ದೂರೂ ಇತ್ತು. 1720ರ ಜೂನ್ 1ರಿಂದ ಸ್ಟರ್ಲಿಂಗಿಗೆ ಮತ್ತೆ ಅನುಮತಿ ದೊರೆಯಿತು.

ಅನುಮತಿಯ ಬೆನ್ನಿಗೆ ಸುಂಕವೂ ಬಂದಿತು, ಔನ್ಸಿಗೆ 6 ಪೆನ್ಸ್. 30 ಔನ್ಸಿನ ಟ್ಯಾಂಕರ್ಡಿಗೆ 15 ಷಿಲಿಂಗ್. ಮುದ್ರೆ ಹಾಕುವಲ್ಲಿಯೇ ಸುಂಕದ ಕಟ್ಟೆ. ಕೆಲವು ಅಕ್ಕಸಾಲಿಗರು ಒಂದು ಉಪಾಯ ಹೂಡಿದರು. ಎರಡು ಮೂರು ಔನ್ಸಿನ ಚಿಕ್ಕ ಸಾಮಾನೊಂದನ್ನು ಹಾಲಿಗೆ ಕಳುಹಿಸಿ, ಅಲ್ಪ ಸುಂಕ ತೆತ್ತು ಮುದ್ರೆ ಹಾಕಿಸಿ, ಆ ಮುದ್ರೆಯ ಬಿಲ್ಲೆಯನ್ನು ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆಯುವುದು. ಹ್ಯೂಗೆನಾಟ್ ವಲಸಿಗರ ಮನೆತನದಿಂದ ಬಂದ, ಆ ಕಾಲದ ಅತ್ಯಂತ ಹೆಸರಾಂತ ಕುಶಲಿಯಾದ ಪಾಲ್ ಡಿ ಲಾಮೆರಿಯ ಕೆಲವು ಪಾತ್ರೆಗಳಲ್ಲಿಯೂ ಇಂಥ ಬೆಸುಗೆ ಕಂಡುಬಂದಿದೆ. ಇಲ್ಲಿ ಗಮನಿಸಬೇಕಾದುದು, ಈ ಪಾತ್ರೆಗಳ ಬೆಳ್ಳಿ ಸಾಮಾನ್ಯವಾಗಿ ಕಳಪೆಯಾಗಿರಲಿಲ್ಲ, ಕೆಲಸವಂತೂ ಅತ್ಯುತ್ತಮ. ವಂಚನೆಯಾದುದು ಖಜಾನೆಗೆ. ಆದರೂ ಒಮ್ಮೆ ಮುದ್ರೆಗೂ ಪಾತ್ರೆಗೂ ಸಂಬಂಧ ಕಡಿದುಹೋದರೆ, ಮುಂದೆ ಕಳಪೆ ಬೆಳ್ಳಿಯೂ ಅದೇ ಬಾಗಿಲಿನಿಂದ ನುಗ್ಗಲು ಅಡ್ಡಿಯಿಲ್ಲ.

1758ರಲ್ಲಿ ಸರ್ಕಾರ ಆ ಸುಂಕವನ್ನು ಕೈಬಿಟ್ಟು, ಬೆಳ್ಳಿ ವ್ಯಾಪಾರಿಗಳಿಗೆ ವಾರ್ಷಿಕ ಪರವಾನಗಿ ಶುಲ್ಕ ಗೊತ್ತುಪಡಿಸಿತು. ಜೊತೆಗೆ ಸುಳ್ಳು ಮುದ್ರೆ ಒತ್ತುವ ಅಪರಾಧಕ್ಕೆ ಮರಣದಂಡನೆಯನ್ನು ವಿಧಿಸಿತು. 1773ರಲ್ಲಿ ಅದನ್ನು 14 ವರ್ಷಗಳ ಗಡೀಪಾರಿಗೆ ಇಳಿಸಲಾಯಿತು. 1784ರಲ್ಲಿ ಸುಂಕ ಮರಳಿ ಬಂದು, ತೆತ್ತುದಕ್ಕೆ ಗುರುತಾಗಿ ದೊರೆಯ ಮುಖದ ಐದನೆಯ ಮುದ್ರೆ ಸೇರಿತು. 1815ರ ವೇಳೆಗೆ ಸುಂಕ ಔನ್ಸಿಗೆ ಒಂದೂವರೆ ಷಿಲಿಂಗಿಗೆ ಏರಿತ್ತು. ಭಾರತದಿಂದ ಹೋಗುವ ಬೆಳ್ಳಿ ಸಾಮಾನಿಗೆ ಇದರಿಂದ ಇಂಗ್ಲೆಂಡಿನಲ್ಲಿ ಮಾರುಕಟ್ಟೆ ಇಲ್ಲವಾಗಿದೆಯೆಂಬ ವಾದವೂ ಪಾರ್ಲಿಮೆಂಟಿನಲ್ಲಿ ಕೇಳಿಬಂದಿತು. ಕಡೆಗೆ 1890ರಲ್ಲಿ ಸುಂಕ ರದ್ದಾಯಿತು.

ಬರ್ಮಿಂಗ್‌ಹ್ಯಾಮ್ ಪಡೆದ ಪರೀಕ್ಷಾಲಯ

ವಾಣಿಜ್ಯ ಸಂಸ್ಥೆಗಳ ಸದಸ್ಯರಿಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹತ್ತಿರವಾದ ಪ್ರಸಂಗ ಮ್ಯಾಥ್ಯೂ ಬೌಲ್ಟನ್‌ನದು. ಜೇಮ್ಸ್ ವ್ಯಾಟ್‌ನ ಉಗಿಯಂತ್ರದ ಪಾಲುದಾರನೆಂದು ಆತ ಪ್ರಸಿದ್ಧ. ಅದಕ್ಕೂ ಮೊದಲು ಆತ ಬರ್ಮಿಂಗ್‌ಹ್ಯಾಮಿನ ಬಳಿಯ ಸೋಹೊ ಕಾರ್ಖಾನೆಯಲ್ಲಿ ಗುಂಡಿ, ಬಕಲ್, ಲೋಹದ ಅಲಂಕಾರ ಸಾಮಗ್ರಿಗಳ ತಯಾರಕ. ಬೆಳ್ಳಿ ಪಾತ್ರೆಗಳ ತಯಾರಿಕೆಗೆ ಕೈಹಾಕಿದಾಗ ಎದುರಾದ ಅಡಚಣೆ ಬಂಡವಾಳದ್ದೂ ಅಲ್ಲ, ಕುಶಲಿಗಳದೂ ಅಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷಾಲಯವಿರಲಿಲ್ಲ. ಸುಮಾರು 70 ಮೈಲಿ ದೂರದ ಚೆಸ್ಟರಿಗೆ ಗಾಡಿಯಲ್ಲಿ ಕಳುಹಿಸಿ ಮುದ್ರೆ ಹಾಕಿಸಿ ತರಿಸಬೇಕು. ಹೋಗಿ ಬರುವ ವೆಚ್ಚ, ದಿನಗಳ ವಿಳಂಬ, ಹಿಂದಿರುಗುವಾಗ ಅಜಾಗರೂಕ ಕಟ್ಟಣೆಯಿಂದ ನಜ್ಜುಗುಜ್ಜಾಗುವ ಮಾಲು. ಇವೆಲ್ಲವುಗಳ ಜೊತೆಗೆ, ಹೊಸ ವಿನ್ಯಾಸ ಮಾರುಕಟ್ಟೆಗೆ ಬರುವ ಮೊದಲೇ ಪ್ರತಿಸ್ಪರ್ಧಿಗಳ ಕಣ್ಣಿಗೆ ಬೀಳುವ ಭಯ.

ಬೌಲ್ಟನ್ ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. ಷೆಫೀಲ್ಡಿನ ತಯಾರಕರೂ 1773ರಲ್ಲಿ ಅದೇ ಬೇಡಿಕೆಯೊಂದಿಗೆ ಬಂದು ಸೇರಿದರು. ಲಂಡನ್ನಿನ ಅಕ್ಕಸಾಲಿಗರು ಉಗ್ರವಾಗಿ ವಿರೋಧಿಸಿದರು: ಕಾರ್ಖಾನೆಯ ಊರಿನವರ ಕೈಗೇ ಮುದ್ರೆ ಕೊಟ್ಟರೆ ಸ್ಟರ್ಲಿಂಗಿನ ಮಾನ ಉಳಿಯುವುದೆಂತು ಎಂಬುದು ಅವರ ವಾದ. ವಿಚಾರಣೆಗೆ ನೇಮಕವಾದ ಸಮಿತಿಯ ಮುಂದೆ, ಲಂಡನ್ನಿನ ಮುದ್ರೆಯಿದ್ದ ಪಾತ್ರೆಗಳನ್ನೇ ಪೇಟೆಯಲ್ಲಿ ಕೊಂಡು ಪರೀಕ್ಷೆ ಮಾಡಿಸಿದ ಫಲಿತಾಂಶ ಬಂದಿತು. ಹಲವು ಪಾತ್ರೆಗಳು ಸ್ಟರ್ಲಿಂಗಿಗಿಂತ ಕೆಳಗಿದ್ದವು. ದೂರುದಾರರ ಬಾಯಿ ಕಟ್ಟಿತು. ಆ ವರ್ಷವೇ ಕಾಯಿದೆ ಅಂಗೀಕಾರವಾಗಿ, ಆಗಸ್ಟ್ 31ರಂದು ನ್ಯೂ ಸ್ಟ್ರೀಟಿನ ಕಿಂಗ್ಸ್ ಹೆಡ್ ಎಂಬ ವಸತಿಗೃಹದ ಬಾಡಿಗೆ ಕೋಣೆಗಳಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ಆರಂಭವಾಯಿತು. ಮೊದಲ ಗಿರಾಕಿ ಬೌಲ್ಟನ್‌ನ ಸಂಸ್ಥೆಯೇ. ಬರ್ಮಿಂಗ್‌ಹ್ಯಾಮಿಗೆ ಲಂಗರು, ಷೆಫೀಲ್ಡಿಗೆ ಕಿರೀಟ ಗುರುತಾಯಿತು. ಸಮುದ್ರವೇ ಇಲ್ಲದ ಊರಿಗೆ ಲಂಗರು ಹೇಗೆ ಬಂದಿತು? ಅರ್ಜಿದಾರರು ಲಂಡನ್ನಿನಲ್ಲಿ ಸೇರುತ್ತಿದ್ದ ಕ್ರೌನ್ ಅಂಡ್ ಆಂಕರ್ ಎಂಬ ಪಾನಗೃಹದ ಹೆಸರನ್ನು ಎರಡು ಊರುಗಳೂ ಹಂಚಿಕೊಂಡವೆಂಬುದು ವಾಡಿಕೆಯ ಮಾತು.

ಈ ಕಾಯಿದೆಯ ಇನ್ನೊಂದು ಅಂಶ ಗಮನಾರ್ಹ. ಪರೀಕ್ಷಾಲಯದ ಆಡಳಿತವನ್ನು ವಹಿಸಿದ ಪಾಲಕರಲ್ಲಿ ಬಹುಪಾಲು ಜನ ಬೆಳ್ಳಿಯ ಕಸುಬಿನವರಲ್ಲ. ಆ ಸೀಮೆಯ ಇತರ ಗಣ್ಯರು. ತಯಾರಕರು ಕೇಳಿ ಪಡೆದ ಸಂಸ್ಥೆ ತಯಾರಕರ ಮುಷ್ಟಿಯಲ್ಲಿ ಇರದಂತೆ ಮೊದಲೇ ಕಟ್ಟುಪಾಡು ಮಾಡಲಾಗಿತ್ತು. ಬೌಲ್ಟನ್ ಯಾರನ್ನು ಅವಲಂಬಿಸಬೇಕಾಗಿತ್ತೋ ಆ ಚೆಸ್ಟರಿನ ಪರೀಕ್ಷಾಲಯ 1962ರಲ್ಲಿ ಮುಚ್ಚಿತು. ಬಾಡಿಗೆ ಕೋಣೆಗಳಲ್ಲಿ ಹುಟ್ಟಿದ ಬರ್ಮಿಂಗ್‌ಹ್ಯಾಮಿನದು ಇಂದಿಗೂ ನಡೆಯುತ್ತಿದೆ.

ಅಟ್ಲಾಂಟಿಕ್ ಸಾಗರದ ಆಚೆ ಇಂಥ ಪರೀಕ್ಷಾಲಯವೇ ಇರಲಿಲ್ಲ. ಬಾಸ್ಟನ್ನಿನ ಪಾಲ್ ರಿವಿಯರ್ ಮಾಡಿದ ಟ್ಯಾಂಕರ್ಡ್‌ಗಳ ಮೇಲೆ ಅವನ ಹೆಸರೊಂದೇ ಮುದ್ರೆ. ಗ್ರಾಹಕ ನಂಬಬೇಕಾದುದು ಆ ಹೆಸರನ್ನೇ.

ಮೂತಿ ಬಂದ ಟ್ಯಾಂಕರ್ಡ್

ಹದಿನೆಂಟನೆಯ ಶತಮಾನ ಮುಗಿಯುವ ವೇಳೆಗೆ ಮೇಜಿನ ಮೇಲೆ ಗಾಜು ಬಂದಿತು, ಬೆಳಗಿನ ಬಿಯರಿನ ಜಾಗಕ್ಕೆ ಚಹಾ ಬಂದಿತು. ಟ್ಯಾಂಕರ್ಡ್ ಕಪಾಟು ಸೇರಿತು. ಹತ್ತೊಂಬತ್ತನೆಯ ಶತಮಾನದ ಮನೆಯೊಡತಿಯರಿಗೆ ಅಜ್ಜನ ಬಿಯರ್ ಪಾತ್ರೆ ಬೇಡ, ನೀರಿನ ಅಥವಾ ಕಾಫಿಯ ಹೂಜಿ ಬೇಕು. ಅಕ್ಕಸಾಲಿಗರು ಟ್ಯಾಂಕರ್ಡಿನ ಒಡಲಿಗೆ ತೂತು ಕೊರೆದು ಮೂತಿ ಬೆಸೆದರು. ನಯವಾದ ಮೈಯ ಮೇಲೆ ಹೂಬಳ್ಳಿಗಳನ್ನು ಉಬ್ಬಿಸಿದರು. ಮೂತಿಯ ಬೆಳ್ಳಿ ಪರೀಕ್ಷೆಯಾಗದೆ ಹಳೆಯ ಮುದ್ರೆಯ ಆಶ್ರಯದಲ್ಲಿಯೇ ಉಳಿಯಿತು. ಕಾನೂನಿನ ದೃಷ್ಟಿಯಲ್ಲಿ ಇದು ಅಪರಾಧ. 1973ರ ಹಾಲ್‌ಮಾರ್ಕಿಂಗ್ ಕಾಯಿದೆಯೂ ಪರೀಕ್ಷಾಲಯದ ಒಪ್ಪಿಗೆಯಿಲ್ಲದೆ ಮುದ್ರೆಯಿರುವ ಸಾಮಾನನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಮುಂದೆ ಹಳೆಯ ರೂಪಕ್ಕೆ ಬೆಲೆ ಬಂದಾಗ ಇನ್ನು ಕೆಲವರು ಮೂತಿ ಕಿತ್ತು, ತೇಪೆ ಹಾಕಿ, ಮತ್ತೆ ಟ್ಯಾಂಕರ್ಡ್ ಮಾಡಿದರು. ಹೀಗೆ ಎರಡು ಸಲ ಕೆಟ್ಟ ಪಾತ್ರೆಗಳೂ ಪೇಟೆಯಲ್ಲಿ ತಿರುಗುತ್ತವೆ.

ಇದಕ್ಕಿಂತ ಘೋರವಾದುದು ಸಂಪೂರ್ಣ ನಕಲು. 1890ರ ದಶಕದ ಕೊನೆಯಲ್ಲಿ ಲಂಡನ್ನಿನ ರೂಬೆನ್ ಲಯನ್ ಎಂಬ ವ್ಯಾಪಾರಿಯ ಬಳಿ ಸಿಕ್ಕಿದ ಸುಳ್ಳು ಮುದ್ರೆಯ ಸಾಮಾನುಗಳು ನೂರಾರು. ಮಾಡುತ್ತಿದ್ದವನು ಚಾರ್ಲ್ಸ್ ಟ್ವಿನಮ್. ಗೋಲ್ಡ್‌ಸ್ಮಿತ್ಸ್ ಕಂಪೆನಿಯೇ ಮೊಕದ್ದಮೆ ಹೂಡಿತು. ಸಂದೇಹಾಸ್ಪದ ಹಳೆಯ ಬೆಳ್ಳಿಯನ್ನು ಪರಿಶೀಲಿಸಲು ಆ ಕಂಪೆನಿಯಲ್ಲಿ ತಜ್ಞರ ಸಮಿತಿಯೊಂದು ಇದೆ. ಅದರ ಮುಂದೆ ಬಂದ ಪಾತ್ರೆ ಕಾನೂನಿಗೆ ವಿರುದ್ಧವೆಂದು ನಿರ್ಣಯವಾದರೆ ಸುಳ್ಳು ಮುದ್ರೆಯನ್ನು ಅಳಿಸುತ್ತಾರೆ, ಅಥವಾ ಸೇರಿಸಿದ ಭಾಗವನ್ನು ಪರೀಕ್ಷಿಸಿ ಅದಕ್ಕೆ ಇಂದಿನ ಮುದ್ರೆ ಹಾಕುತ್ತಾರೆ.

ಅನುಭವಿ ವ್ಯಾಪಾರಿ ಪಾತ್ರೆಯನ್ನು ನೋಡುವ ಕ್ರಮ ಸರಳವಾದುದು. ಮೊದಲು ತಳವನ್ನು ನೋಡುತ್ತಾನೆ. ಅನೇಕ ಹಳೆಯ ಪಾತ್ರೆಗಳ ತಳದಲ್ಲಿ ಮಾಡಿದಂದಿನ ತೂಕವನ್ನು ಔನ್ಸು, ಪೆನ್ನಿವೇಟ್‌ಗಳಲ್ಲಿ ಸೂಜಿಯಿಂದ ಗೀಚಿರುತ್ತಾರೆ. ಅದನ್ನು ಇಂದಿನ ತೂಕದೊಡನೆ ಹೋಲಿಸಬೇಕು. ಮುನ್ನೂರು ವರ್ಷಗಳ ತಿಕ್ಕಾಟದಿಂದ ತುಸು ಇಳಿದಿದ್ದರೆ ಸಹಜ. ತೂಕ ಹೆಚ್ಚಿದ್ದರೆ? ಬೆಳ್ಳಿ ತಾನಾಗಿ ಬೆಳೆಯುವುದಿಲ್ಲ. ಏನನ್ನೋ ಸೇರಿಸಿದ್ದಾರೆಂದೇ ಅರ್ಥ. ಅನಂತರ ಮುದ್ರೆಯ ಸುತ್ತ ಬಾಯಿಯಿಂದ ಹಬೆಯೂದಬೇಕು. ಹಬೆ ಕವಿದಾಗ ಬೆಸುಗೆಯ ಗೆರೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಮುಚ್ಚಳದ ಮೇಲೂ ಮುದ್ರೆಯಿದ್ದು, ಅದು ಒಡಲಿನ ಮುದ್ರೆಗೆ ಹೊಂದಬೇಕು. ಹದಿನೇಳನೆಯ ಶತಮಾನದ ಟ್ಯಾಂಕರ್ಡಿನಲ್ಲಿ ಒಡಲಿನ ಮುದ್ರೆಗಳು ಹಿಡಿಕೆಯ ಪಕ್ಕದಲ್ಲಿ ಅಂಚಿನ ಬಳಿ ಇರುವುದು ವಾಡಿಕೆ. ಅಚ್ಚಿನಲ್ಲಿ ಎರಕ ಹೊಯ್ದು ನಕಲು ಮಾಡಿದ್ದರೆ ಮುದ್ರೆಯ ಅಂಚು ಮೊಂಡಾಗಿದ್ದು, ಭೂತಗನ್ನಡಿಯಲ್ಲಿ ಮರಳು ಮರಳಾಗಿ ತೋರುತ್ತದೆ.

ಮುದ್ರೆಯಂತೆಯೇ ಕಾಣುವ ನಾಲ್ಕು ಅಕ್ಷರಗಳೂ ಕೆಲವು ಪಾತ್ರೆಗಳ ತಳದಲ್ಲಿರುತ್ತವೆ: ಇ, ಪಿ, ಎನ್, ಎಸ್. ನಿಕಲ್ ಬೆರೆತ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳುಲೇಪ ಕೊಟ್ಟ ಸಾಮಾನು ಅದು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಸಂಸ್ಥೆ ಈ ಲೇಪನವಿಧಾನಕ್ಕೆ ಪೇಟೆಂಟ್ ಪಡೆಯಿತು. ನಮ್ಮಲ್ಲಿ ಜರ್ಮನ್ ಸಿಲ್ವರ್ ಎಂದು ಕರೆಯುವ ಆ ಮಿಶ್ರಲೋಹದಲ್ಲಿ ಬೆಳ್ಳಿಯ ಅಂಶ ಇರುವುದೇ ಇಲ್ಲ.

ನಕಲಿಗಿಂತಲೂ ಹೆಚ್ಚಿನ ನಾಶವನ್ನು ಕೆಲವೊಮ್ಮೆ ಪೇಟೆಯ ದರವೇ ಮಾಡುತ್ತದೆ. ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನು ಕೊಂಡು ಕೂಡಿಹಾಕಿದ ಪರಿಣಾಮವಾಗಿ 1980ರ ಜನವರಿಯಲ್ಲಿ ಔನ್ಸಿನ ದರ 50 ಡಾಲರಿನ ಸಮೀಪಕ್ಕೆ ಏರಿತು. ಆಗ ಬ್ರಿಟನ್ನಿನ ಎಷ್ಟೋ ಹಳೆಯ ಪಾತ್ರೆಗಳು ಕರಗುವ ಮೂಸೆಗೆ ಹೋದವು. ಮಾರ್ಚ್ ಮುಗಿಯುವುದರೊಳಗೆ ದರ ಕುಸಿಯಿತು. ಪಾತ್ರೆಗಳು ಮರಳಿ ಬರಲಿಲ್ಲ. ಆ ದಾಖಲೆಯನ್ನು ಬೆಳ್ಳಿ ದಾಟಿದುದು 2025ರ ಅಕ್ಟೋಬರಿನಲ್ಲಿ. ಅಪರೂಪದ ಟ್ಯಾಂಕರ್ಡಿಗೆ ಇದರಿಂದ ಭಯವಿಲ್ಲ. ತೂಕದ ಬೆಲೆಗಿಂತ ತುಸುವೇ ಹೆಚ್ಚು ಬಾಳುವ ಸಾಧಾರಣ ಪಾತ್ರೆಗಳಿಗೆ ಭಯವಿದೆ.

ಇಲ್ಲಿನ ವರ್ತಕರು ಹಳೆಯ ಬೆಳ್ಳಿಯಲ್ಲಿ ವ್ಯವಹರಿಸುವಾಗ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯನ್ನು ನೆನಪಿಡಬೇಕು. ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಲಾಕುಶಲತೆಯ ವಸ್ತು ಅದರ ವ್ಯಾಪ್ತಿಗೆ ಬರುತ್ತದೆ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರವಿತ್ತ ಸಂಸ್ಥೆಯ ಹೊರತು ಬೇರೆಯವರು ಅವನ್ನು ರಫ್ತು ಮಾಡುವಂತಿಲ್ಲ.

ಹೊಸ ಬೆಳ್ಳಿಯ ಮಟ್ಟಿಗೆ, ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನಕ್ಕೂ 2005ರಲ್ಲಿ ಬೆಳ್ಳಿಗೂ ಹಾಲ್‌ಮಾರ್ಕ್ ಆರಂಭಿಸಿತು. ಚಿನ್ನದ ಮುದ್ರೆಯಲ್ಲಿ ಲಂಡನ್ನಿನಂತೆಯೇ ವರ್ಷದ ಅಕ್ಷರವೊಂದಿತ್ತು. 2017ರಲ್ಲಿ ಅದನ್ನು ಕೈಬಿಡಲಾಯಿತು. ಬ್ರಿಟನ್ ಸಹ 1999ರಿಂದ ಅಕ್ಷರವನ್ನು ಐಚ್ಛಿಕವಾಗಿಸಿದೆ. 2025ರ ಸೆಪ್ಟೆಂಬರ್ 1ರಂದು ಬೆಳ್ಳಿಗೂ ಆರು ಅಂಕಾಕ್ಷರಗಳ ಪ್ರತ್ಯೇಕ ಗುರುತಿನ ಸಂಖ್ಯೆ ಜಾರಿಗೆ ಬಂದಿತು. ಆರಂಭದಲ್ಲಿ ಅದು ಕಡ್ಡಾಯವಾಗಿರಲಿಲ್ಲ. ಅದೇ ಸಂದರ್ಭದಲ್ಲಿ ಪರಿಷ್ಕೃತವಾದ ಶುದ್ಧತೆಯ ಪಟ್ಟಿಗೆ ಹೊಸದಾಗಿ ಸೇರಿದ ಎರಡು ದರ್ಜೆಗಳಲ್ಲಿ ಒಂದು 999, ಇನ್ನೊಂದು 958. ಎರಡನೆಯದು 1697ರಲ್ಲಿ ನಾಣ್ಯ ಕತ್ತರಿಸುವವರನ್ನು ತಡೆಯಲೆಂದು ಲಂಡನ್ನಿನಲ್ಲಿ ಗೊತ್ತುಪಡಿಸಿದ ಅಳತೆಯೇ. ಸಾಮಾನಿನ ಮೇಲಿನ ಆರು ಅಂಕಾಕ್ಷರಗಳನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿದರೆ ಮಾರಾಟಗಾರನ ನೋಂದಣಿ, ಶುದ್ಧತೆ, ಪರೀಕ್ಷಿಸಿದ ಕೇಂದ್ರದ ಹೆಸರು ಮತ್ತು ಪರೀಕ್ಷೆಯ ದಿನಾಂಕ ತೆರೆಯ ಮೇಲೆ ಬರುತ್ತವೆ.